ಗಂಗಾಧರಯ್ಯನವರ ಐದೂವರೆ ಗಂಟೆ

ನ್ಯಾಯಾಲಯವೊಂದರ ದಾಖಲೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಮೊಹರು ಒತ್ತಿ ನಿವೃತ್ತರಾದ ಗಂಗಾಧರಯ್ಯನವರು ತಮ್ಮ ಆಯುಷ್ಯದಲ್ಲಿ ಹೇಳಿದ ದೊಡ್ಡ ಸುಳ್ಳು ಮೂರೇ ಪದದ್ದು.

"ನಾನೇ ಹಾಕ್ಕೊಂಡೆ ಕಣ್ರೀ."

ಹೇಳಿದ್ದು ಬಸವೇಶ್ವರನಗರದ ಕುಸುಮಾ ಬಡಾವಣೆಯ ಪಾರ್ಕಿನಲ್ಲಿ, ಬೆಳಗಿನ ನಡಿಗೆಯ ಮೂರನೇ ಸುತ್ತು ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತಾಗ. ಕೇಳಿಸಿಕೊಂಡವರು ನಿವೃತ್ತ ಬ್ಯಾಂಕ್ ಮ್ಯಾನೇಜರ್ ವೆಂಕಟಗಿರಿ, ಹದಿನೆಂಟು ವರ್ಷದಿಂದ ಗಂಗಾಧರಯ್ಯನವರ ಜೊತೆ ನಡೆಯುತ್ತಿದ್ದವರು. ಹಾಕಿಕೊಂಡದ್ದು ಏನೆಂದರೆ, ಮನೆಯ ಕಂಪ್ಯೂಟರಿನೊಳಗೆ ಎರಡನೆಯ ಸಿಸ್ಟಮ್ಮು.

ನಿಜ ಸಂಗತಿ ಬೇರೆ ಇತ್ತು. ಹೆಂಡತಿ ನೀಲಮ್ಮನವರ ತಂಗಿಯ ಮಗಳು ಶಿವರಂಜನಿ ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಓದುತ್ತಾ ಹಾಸ್ಟೆಲಿನಲ್ಲಿದ್ದಳು. ಆಗಾಗ ದೊಡ್ಡಮ್ಮನ ಮನೆಗೆ ಬಂದು ಹೋಗುತ್ತಿದ್ದ ಹುಡುಗಿ, ತನ್ನ ಪ್ರಾಜೆಕ್ಟಿಗೆ ಬೇಕೆಂದು ದೊಡ್ಡಪ್ಪನ ಕಂಪ್ಯೂಟರಿನಲ್ಲಿ ಮೊದಲಿದ್ದ ವಿಂಡೋಸನ್ನು ಹಾಗೇ ಬಿಟ್ಟು, ಅದರ ಪಕ್ಕದಲ್ಲಿ ಲಿನಕ್ಸನ್ನೂ ಕೂರಿಸಿದಳು. ಅಂದಿನಿಂದ ಸ್ವಿಚ್ ಹಾಕಿದರೆ ಮೊದಲು ಒಂದು ಕಪ್ಪು ಪರದೆ ಬಂದು, ಇಬ್ಬರಲ್ಲಿ ಯಾರು ಬೇಕು ಎಂದು ಕೇಳುತ್ತಿತ್ತು. ಹತ್ತು ಎಣಿಸುವುದರೊಳಗೆ ಬಾಣದ ಗುಂಡಿ ಒತ್ತಿ ಕೆಳಗಿನ ಹೆಸರನ್ನು ಆರಿಸಿದರೆ ವಿಂಡೋಸು. ಸುಮ್ಮನೆ ಕೂತರೆ ಲಿನಕ್ಸು.

"ದೊಡ್ಡಪ್ಪ, ನೀವು ಯಾವಾಗ್ಲೂ ಕೆಳಗಡೇದನ್ನ ಒತ್ತಿ. ಮೇಲಿಂದು ನಂದು. ಅದರ ತಂಟೆಗೆ ಹೋಗ್ಬೇಡಿ" ಎಂದು ಹೇಳಿ ಹೋಗಿದ್ದಳು.

ಗಂಗಾಧರಯ್ಯನವರು ತಂಟೆಗೆ ಹೋದರು. ಹೋಗಿ ನೋಡಿದರೆ ಅಲ್ಲಿ ಕನ್ನಡ ಅಕ್ಷರಗಳು ದುಂಡುದುಂಡಗೆ ಮುದ್ದಾಗಿ ಮೂಡುತ್ತಿದ್ದವು. ಅದಕ್ಕಿಂತ ಮುಖ್ಯವಾಗಿ, ಇಡೀ ಬಡಾವಣೆಯಲ್ಲಿ ಬೇರೆ ಯಾರ ಮನೆಯಲ್ಲೂ ಅದು ಇರಲಿಲ್ಲ.

"ಎರಡೂ ಒಂದೇ ಡಬ್ಬದೊಳಗಾ? ಜಗಳ ಆಡಲ್ವೇನ್ರೀ?" ಎಂದು ವೆಂಕಟಗಿರಿ ಬೆರಗಾಗಿ ಕೇಳಿದ್ದರು.

"ಆಡಿಸೋರಿಗೆ ಗೊತ್ತಿರ್ಬೇಕು" ಎಂದು ಗಂಗಾಧರಯ್ಯ ಮಫ್ಲರು ಸರಿಮಾಡಿಕೊಂಡಿದ್ದರು.

ಹೀಗಾಗಿ ಬಡಾವಣೆಯ ನಿವಾಸಿಗಳ ಸಂಘಕ್ಕೆ ಚುನಾವಣೆ ಬಂದಾಗ ಚುನಾವಣಾಧಿಕಾರಿ ಯಾರಾಗಬೇಕು ಎಂಬ ಬಗ್ಗೆ ಎರಡನೇ ಹೆಸರೇ ಬರಲಿಲ್ಲ. ಹಾಲಿ ಅಧ್ಯಕ್ಷ, ನಿವೃತ್ತ ತಹಶೀಲ್ದಾರ್ ಹನುಮಯ್ಯನವರು, "ಕಾನೂನೂ ಗೊತ್ತು, ಕಂಪ್ಯೂಟರೂ ಗೊತ್ತು. ಇನ್ನೇನ್ ಬೇಕು?" ಎಂದು ಸಹಿ ಹಾಕಿಬಿಟ್ಟರು.

ಗಂಗಾಧರಯ್ಯನವರು ಪಾರ್ಕಿನ ಗೇಟಿಗೆ ಅಂಟಿಸಿದ ಪ್ರಕಟಣೆಯಲ್ಲಿ ಏಳು ನಿಯಮಗಳಿದ್ದವು. ಆರನ್ನು ಯಾರೂ ಓದಲಿಲ್ಲ. ಏಳನೆಯದನ್ನು ಅವರು ದಪ್ಪ ಅಕ್ಷರದಲ್ಲಿ ಹಾಕಿದ್ದರಿಂದ ಎಲ್ಲರೂ ಓದಿದರು: 'ನಾಮಪತ್ರಗಳನ್ನು ಭಾನುವಾರ ಸಂಜೆ ಐದು ಗಂಟೆಯೊಳಗೆ ಸಲ್ಲಿಸತಕ್ಕದ್ದು. ಸ್ವೀಕೃತಿ ಪತ್ರದಲ್ಲಿ ಕಂಪ್ಯೂಟರು ನಮೂದಿಸುವ ಸಮಯವೇ ಅಂತಿಮ. ಈ ಬಗ್ಗೆ ಯಾವುದೇ ತಕರಾರಿಗೆ ಅವಕಾಶವಿರುವುದಿಲ್ಲ.'

ಮೊಹರು ಒತ್ತಿ ಒತ್ತಿ ಹೆಬ್ಬೆರಳು ಚಪ್ಪಟೆಯಾಗಿದ್ದ ಮನುಷ್ಯನಿಗೆ ಈ ಕೊನೆಯ ವಾಕ್ಯ ಬರೆಯುವಾಗ ಆದ ಸುಖವನ್ನು ನಾವು ಅರ್ಥಮಾಡಿಕೊಳ್ಳಬೇಕು.

ಅಧ್ಯಕ್ಷ ಸ್ಥಾನಕ್ಕೆ ವೆಂಕಟಗಿರಿ ನಿಲ್ಲುವುದು ಗೊತ್ತಿದ್ದ ವಿಷಯ. ಅವರ ವಿರುದ್ಧ ಯಾರೂ ನಿಲ್ಲುವುದಿಲ್ಲ ಎಂಬುದೂ ಗೊತ್ತಿದ್ದ ವಿಷಯವೇ. ಎರಡನೆಯದು ಮಾತ್ರ ತಪ್ಪಾಗಿತ್ತು.

ಭಾನುವಾರ ಬೆಳಿಗ್ಗೆಯೇ ಗಂಗಾಧರಯ್ಯನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಕೋಣೆಯಲ್ಲಿ ಕೂತರು. ಮೇಜಿನ ಮೇಲೆ ಕಂಪ್ಯೂಟರು, ಪ್ರಿಂಟರು, ಸಂಘದ ಮೊಹರು. ಬೀದಿಯಲ್ಲಿ ಚರಂಡಿಗಾಗಿ ಅಗೆಯುವಾಗ ಕೇಬಲ್ಲು ತುಂಡಾಗಿ ಇಡೀ ಸಾಲಿಗೆ ವಾರದಿಂದ ಇಂಟರ್‌ನೆಟ್ ಇರಲಿಲ್ಲ. ಆದರೆ ಚುನಾವಣೆಗೆ ಇಂಟರ್‌ನೆಟ್ ಯಾಕೆ? ಸ್ವೀಕೃತಿ ಪತ್ರದ ನಮೂನೆಯನ್ನು ಮುಂಜಾಗ್ರತೆಯಿಂದ ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಇಟ್ಟಿದ್ದರು. ಹೆಸರು ತುಂಬಿ ಪ್ರಿಂಟ್ ಒತ್ತಿದರೆ ಸಾಕು, ಸಮಯವನ್ನು ಅದೇ ಹಾಕಿಕೊಳ್ಳುತ್ತಿತ್ತು. ವಿಂಡೋಸು ತೆರೆದು, ಅದರ ಮೂಲೆಯ ಗಡಿಯಾರವನ್ನು ಗೋಡೆ ಗಡಿಯಾರದ ಜೊತೆ ಎರಡು ಸಲ ಹೋಲಿಸಿ, ಒಂದು ನಿಮಿಷದ ವ್ಯತ್ಯಾಸವಿದ್ದದ್ದನ್ನೂ ಸರಿಪಡಿಸಿದರು.

ಮುಕ್ಕಾಲು ಪಾಲು ದಿನ ಯಾರೂ ಬರಲಿಲ್ಲ. ಮೂರೂ ಮುಕ್ಕಾಲಿಗೆ ಕರೆಂಟು ಹೋಯಿತು. ಹತ್ತು ನಿಮಿಷಕ್ಕೆ ಬಂತು. ಗಂಗಾಧರಯ್ಯನವರು ಕಂಪ್ಯೂಟರಿನ ಸ್ವಿಚ್ ಒತ್ತಿ ಕಪ್ಪು ಪರದೆ ನೋಡುತ್ತಿರುವಾಗಲೇ ಒಳಗಿನಿಂದ ನೀಲಮ್ಮನವರ ಕೂಗು ಬಂತು.

"ರೀ, ಮೋಟಾರ್ ಆನ್ ಆಗಿದೆ! ಟ್ಯಾಂಕ್ ತುಂಬಿ ಸುರೀತಾ ಇದೆ, ಆಫ್ ಮಾಡಿ!"

ಅವರು ಮೋಟಾರು ಆರಿಸಿ ಬರುವಷ್ಟರಲ್ಲಿ ಕಂಪ್ಯೂಟರು ಹತ್ತು ಎಣಿಸಿ ಮುಗಿಸಿ ಲಿನಕ್ಸಿಗೆ ಹೋಗಿ ಕೂತಿತ್ತು. 'ಇರಲಿ, ಇದೂ ನಮ್ಮದೇ' ಎಂದುಕೊಂಡರು.

ನಾಲ್ಕೂ ಹತ್ತಕ್ಕೆ ವೆಂಕಟಗಿರಿ ಹಣೆಗೆ ಗಂಧ ಇಟ್ಟುಕೊಂಡು ಬಂದರು. ಅರ್ಜಿ ಕೊಟ್ಟರು. ಪ್ರಿಂಟರು ಕಿರುಗುಟ್ಟಿ ಸ್ವೀಕೃತಿ ಪತ್ರ ಉಗುಳಿತು. ಗಂಗಾಧರಯ್ಯ ಠಪ್ಪನೆ ಮೊಹರು ಒತ್ತಿದರು, ವೆಂಕಟಗಿರಿ ಅದನ್ನು ಓದದೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಗೆಳೆಯರ ಮಧ್ಯೆ ಕಾಗದ ಓದುವುದು ಸಣ್ಣತನ ಎಂದು ಇಬ್ಬರೂ ಭಾವಿಸಿದ್ದರು. ಕಾಫಿ ಕುಡಿದು, "ಐದಕ್ಕೆ ಸ್ವೀಟ್ ತಗೊಂಡ್ ಬರ್ತೀನಿ" ಎಂದು ಹೇಳಿ ವೆಂಕಟಗಿರಿ ಹೋದರು.

ನಾಲ್ಕೂವರೆಗೆ ಗಂಗಾಧರಯ್ಯನವರ ಕಣ್ಣು ಪರದೆಯ ಮೇಲ್ಗಡೆಗೆ ಹೋಯಿತು. ಅಲ್ಲಿ ರಾತ್ರಿ ಹತ್ತು ಗಂಟೆಯಾಗಿತ್ತು.

ಅವರು ಕಿಟಕಿಯಾಚೆ ನೋಡಿದರು. ಎದುರು ಮನೆಯ ಯಶೋದಮ್ಮ ಬಿಸಿಲಿನಲ್ಲಿ ಹಪ್ಪಳ ತಿರುವಿಹಾಕುತ್ತಿದ್ದರು. ರಾತ್ರಿ ಹತ್ತಕ್ಕೆ ಯಾರೂ ಹಪ್ಪಳ ಒಣಗಿಸುವುದಿಲ್ಲ ಎಂದು ನಿರ್ಧರಿಸಿ, ಅಲ್ಲಿ ಇಲ್ಲಿ ಒತ್ತಿ, ಗಡಿಯಾರವನ್ನು ನಾಲ್ಕೂವರೆಗೆ ತಂದರು. ಆದರೂ ಈ ಲಿನಕ್ಸಿನ ಮೇಲೆ ಸ್ವಲ್ಪ ಅಪನಂಬಿಕೆ ಹುಟ್ಟಿ, ಕಂಪ್ಯೂಟರನ್ನು ಮತ್ತೆ ಶುರುಮಾಡಿ, ಈ ಸಲ ತಪ್ಪದೆ ಕೆಳಗಿನದನ್ನು ಒತ್ತಿ ವಿಂಡೋಸಿಗೆ ಬಂದರು. ಅಲ್ಲಿಯ ಗಡಿಯಾರವನ್ನು ಅವರು ನೋಡಲಿಲ್ಲ. ಈಗಷ್ಟೇ ಸರಿಮಾಡಿದ್ದನ್ನು ಮತ್ತೆ ನೋಡುವ ಅಗತ್ಯವೇನು?

ಐದು ಗಂಟೆ ಹೊಡೆಯಿತು. ಗಂಗಾಧರಯ್ಯ ಎದ್ದು ಬಾಗಿಲು ಮುಚ್ಚಿದರು. ವೆಂಕಟಗಿರಿ ಮೈಸೂರುಪಾಕಿನ ಪೊಟ್ಟಣದ ಜೊತೆ ಬಂದದ್ದರಿಂದ ಮತ್ತೆ ತೆರೆದರು. ಯಶೋದಮ್ಮನವರೂ ಹಪ್ಪಳದ ತಟ್ಟೆ ಹಿಡಿದುಕೊಂಡೇ ಬಂದು ಸೇರಿದರು. ಮೊದಲ ತುಂಡು ಬಾಯಿಗೆ ಹೋಗುವ ಹೊತ್ತಿಗೆ, ಅಂದರೆ ಐದೂ ಇಪ್ಪತ್ತಕ್ಕೆ, ಗೇಟಿನ ಚಿಲಕ ಸದ್ದಾಯಿತು.

ಬಂದವರು ಜಲಜಾ ಮೇಡಂ. ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಸೀರೆಯ ಅಂಚಿನ ತುಂಬ ಕೆಸರು, ಕೈಯಲ್ಲಿ ನಾಮಪತ್ರ.

"ಟೈಮ್ ಆಗೋಯ್ತು ಮೇಡಂ" ಎಂದರು ಗಂಗಾಧರಯ್ಯ.

"ಚರಂಡಿ ಗುಂಡಿಗೆ ಹಾಲಿನವನ ಸ್ಕೂಟರ್ ಬಿದ್ದಿತ್ತು. ಎತ್ತಿಸಿ, ಅಲ್ಲಿ ಅಡ್ಡಕ್ಕೆ ಹಲಗೆ ಹಾಕಿಸೋವರೆಗೂ ಕದಲಲ್ಲ ಅಂತ ಕಂಟ್ರಾಕ್ಟರ್ ಹತ್ರ ನಿಂತಿದ್ದೆ. ಯಾರಾದ್ರೂ ಒಬ್ರು ಕೇಳ್ಬೇಕಲ್ಲ?"

"ನಂದೇನೂ ಇಲ್ಲ. ನಿಯಮ."

"ನಿಮ್ಮ ನಿಯಮ ಓದಿದೀನಿ. ಏಳನೇದ್ರಲ್ಲಿ ಗೋಡೆ ಗಡಿಯಾರ ಅಂತಿಲ್ಲ, ನಿಮ್ಮ ಕೈಗಡಿಯಾರ ಅಂತಿಲ್ಲ. ಕಂಪ್ಯೂಟರು ಅಂತಿದೆ. ಅದು ಲೇಟ್ ಅಂತ ಹೇಳ್ಲಿ, ವಾಪಸ್ ಹೋಗ್ತೀನಿ."

ಗಂಗಾಧರಯ್ಯನವರಿಗೆ ಒಳಗೊಳಗೇ ಖುಷಿಯಾಯಿತು. ನಿಯಮ ಓದಿದವರು ಒಬ್ಬರಾದರೂ ಸಿಕ್ಕಿದರಲ್ಲ! "ಆಗ್ಲಿ, ಅದರ ಬಾಯಿಂದಲೇ ಕೇಳಿ" ಎಂದು ಹೆಸರು ತುಂಬಿ ಪ್ರಿಂಟ್ ಒತ್ತಿ, ಹೊರಬಂದ ಕಾಗದದ ಮೇಲೆ ಅಭ್ಯಾಸಬಲದಿಂದ ಓದದೆಯೇ ಮೊಹರು ಒತ್ತಿದರು.

ಜಲಜಾ ಮೇಡಂ ಕಾಗದ ತೆಗೆದುಕೊಂಡು, ಕೊನೆಯ ಬೆಂಚಿಗೂ ಕೇಳಿಸುವ ಧ್ವನಿಯಲ್ಲಿ ಓದಿದರು. "ಸಲ್ಲಿಸಿದ ಸಮಯ, ಬೆಳಿಗ್ಗೆ ಹನ್ನೊಂದು ಐವತ್ತು."

ಮೈಸೂರುಪಾಕು ಜಗಿಯುವ ಸದ್ದು ನಿಂತಿತು.

"ನೋಡಿ, ಐದು ಗಂಟೆ ಮುಂಚೆನೇ ಬಂದಿದೀನಿ. ನಂಗೇ ಗೊತ್ತಿರಲಿಲ್ಲ" ಎಂದರು ಮೇಡಂ.

ವೆಂಕಟಗಿರಿ ನಿಧಾನಕ್ಕೆ ಜೇಬಿಗೆ ಕೈಹಾಕಿ ತಮ್ಮ ಕಾಗದದ ನಾಲ್ಕು ಮಡಿಕೆ ಬಿಚ್ಚಿದರು. ಕನ್ನಡಕ ಹಾಕಿಕೊಂಡರು. ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ರೀ ಗಂಗಾಧರಯ್ಯ. ಇದರಲ್ಲಿ ರಾತ್ರಿ ಒಂಬತ್ತು ನಲವತ್ತು ಅಂತಿದೆ."

"ಎಲ್ಲಿ?"

"ಇಲ್ಲಿ! ಈಗಿನ್ನೂ ಐದೂ ಇಪ್ಪತ್ತೈದು ಕಣ್ರೀ! ಒಂಬತ್ತು ನಲವತ್ತು ಇವತ್ತು ಇನ್ನೂ ಆಗೇ ಇಲ್ಲ!"

"ಹಾಗಿದ್ರೆ ನೀವು ಇನ್ನೂ ನಾಮಪತ್ರ ಕೊಟ್ಟಿಲ್ಲ" ಎಂದು ಜಲಜಾ ಮೇಡಂ ಲೆಕ್ಕ ಬಿಡಿಸಿದರು. "ರಾತ್ರಿ ಬಂದು ಕೊಡ್ತೀರ. ಆದ್ರೆ ಪಾಪ, ಅಷ್ಟೊತ್ತಿಗೆ ಟೈಮ್ ಮುಗಿದುಹೋಗಿರುತ್ತೆ."

"ನಾನು ಇಲ್ಲೇ ಕೂತು ಕಾಫಿ ಕುಡಿದೆ! ನೀಲಮ್ಮನೋರೇ, ಹೇಳ್ರೀ, ಕಾಫಿ ಕೊಟ್ರಲ್ವಾ?"

"ಕೊಟ್ಟೆ" ಎಂದರು ನೀಲಮ್ಮ. "ಆದ್ರೆ ನಾನು ಟೈಮ್ ನೋಡ್ಲಿಲ್ಲ."

ಗಂಗಾಧರಯ್ಯನವರು ಎರಡೂ ಕಾಗದಗಳನ್ನು ಬೆಳಕಿಗೆ ಹಿಡಿದರು. ಎರಡರ ಮೇಲೂ ಅವರದೇ ಮೊಹರಿತ್ತು. ಎದುರಿಗೆ, ಪರದೆಯ ಮೂಲೆಯಲ್ಲಿ, ಹನ್ನೊಂದು ಐವತ್ತಾರು ಎಂದು ಕಂಪ್ಯೂಟರು ಶಾಂತವಾಗಿ ಹೇಳುತ್ತಿತ್ತು.

"ತಕರಾರಿಗೆ ಅವಕಾಶ ಇಲ್ಲ ಅಂತ ಬರೆದಿದೆ, ಅಲ್ವಾ?" ಎಂದು ಯಶೋದಮ್ಮ ಹಪ್ಪಳದ ತಟ್ಟೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಕೇಳಿದರು. ಅವರು ಸುದ್ದಿಯನ್ನು ಸರಿಯಾಗಿ ತೆಗೆದುಕೊಂಡು ಹೋಗುವ ಹೆಂಗಸು.

ಮರುದಿನ ಬೆಳಿಗ್ಗೆ ವೆಂಕಟಗಿರಿ ಪಾರ್ಕಿನಲ್ಲಿ ಎದುರು ದಿಕ್ಕಿನಿಂದ ನಡೆದರು. ಇದರಿಂದ ಇಬ್ಬರೂ ಪ್ರತಿ ಸುತ್ತಿಗೆ ಎರಡು ಸಲ ಮುಖಾಮುಖಿಯಾಗಿ, ಎರಡು ಸಲ ಮುಖ ತಿರುಗಿಸಬೇಕಾಯಿತು. ಐದು ಸುತ್ತಿಗೆ ಹತ್ತು ಸಲ. ಪಾರ್ಕು ನೋಡಿಕೊಳ್ಳುವ ಅಂಜಿನಯ್ಯ ಪೊರಕೆ ಹಿಡಿದು ನಿಂತು ಇದನ್ನು ಎಣಿಸಿದ.

ಗಂಗಾಧರಯ್ಯನವರಿಗೆ ಅದು ಬಹಳ ನೋವು ಕೊಟ್ಟಿತು. ಹದಿನೆಂಟು ವರ್ಷದಲ್ಲಿ ಅವರು ಒಬ್ಬರೇ ನಡೆದದ್ದು ವೆಂಕಟಗಿರಿಗೆ ಹರ್ನಿಯಾ ಆಪರೇಷನ್ ಆದಾಗ ಮಾತ್ರ, ಅದೂ ಎರಡು ವಾರ.

"ರಂಜುಗೆ ಫೋನ್ ಮಾಡಿ. ಅವಳು ತಾನೇ ಅದನ್ನ ಒಳಗೆ ತುಂಬಿದ್ದು?" ಎಂದರು ನೀಲಮ್ಮ.

"ಆಗಲ್ಲ."

"ಯಾಕಾಗಲ್ಲ?"

"ಪಾರ್ಕಲ್ಲಿ ನಾನೇ ಹಾಕಿದ್ದು ಅಂತ ಹೇಳಿಬಿಟ್ಟಿದೀನಿ."

ನೀಲಮ್ಮ ಒಳಗೆ ಹೋಗಿ ಒಗ್ಗರಣೆ ಹಾಕಿದರು. ಅವತ್ತಿನ ಒಗ್ಗರಣೆಗೆ ಘಾಟು ಜಾಸ್ತಿಯಿತ್ತು.

ಗಂಗಾಧರಯ್ಯನವರು ಬಡಾವಣೆಯ ಯಾರಿಗೂ ಪರಿಚಯವಿಲ್ಲದ ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಕಾಮಾಕ್ಷಿಪಾಳ್ಯದವರೆಗೆ ಹೋದರು. ಅಲ್ಲಿ ಸಿಕ್ಕವನು ಕಲ್ಮೇಶ್, ಮೂವತ್ತೈದರ ಆಸುಪಾಸಿನ, ಎಲ್ಲ ರೋಗಕ್ಕೂ ಮೊದಲೇ ಔಷಧಿ ಗೊತ್ತುಮಾಡಿಕೊಂಡಿರುವ ಮನುಷ್ಯ. ಮನೆಗೆ ಬಂದವನೇ ಡಬ್ಬದ ಪಕ್ಕೆ ಬಿಚ್ಚಿ, ಒಳಗಿಂದ ಬಿಲ್ಲೆಯಂಥದ್ದೊಂದನ್ನು ಎತ್ತಿ ತೋರಿಸಿದ.

"ಬ್ಯಾಟರಿ ಸಾರ್. ಕರೆಂಟ್ ಇಲ್ದೇ ಇದ್ರೂ ಟೈಮ್ ನೆನಪಿಟ್ಕೊಳೋದು ಇದೇ. ಸತ್ತೋಗಿದೆ."

ಹೊಸದನ್ನು ಹಾಕಿದ. ಸ್ವಿಚ್ ಒತ್ತಿದ. ಪರದೆಯ ಮೇಲೆ ಎರಡು ಸಾವಿರದ ಹದಿನೈದನೇ ಇಸವಿಯ ಜನವರಿ ಒಂದನೇ ತಾರೀಖು ಮೂಡಿತು.

"ಸಂಘ ಹುಟ್ಟಿದ್ದೇ ಹದಿನೇಳರಲ್ಲಪ್ಪ!" ಎಂದು ಗಂಗಾಧರಯ್ಯ ಕಂಗಾಲಾದರು.

"ಗಾಬರಿ ಬೀಳ್ಬೇಡಿ ಸಾರ್, ಸೆಟ್ ಮಾಡಣ" ಎಂದು ಕಲ್ಮೇಶ್ ವಿಂಡೋಸಿನಲ್ಲಿ ಸಮಯ ಸರಿಮಾಡಿದ. ಲಿನಕ್ಸಿಗೆ ಹೋಗಿ ನೋಡಿದರೆ ಅಲ್ಲಿ ಐದೂವರೆ ಗಂಟೆ ಮುಂದೆ. ಲಿನಕ್ಸಿನಲ್ಲಿ ಸರಿಮಾಡಿ ವಿಂಡೋಸಿಗೆ ಬಂದರೆ ಇಲ್ಲಿ ಐದೂವರೆ ಗಂಟೆ ಹಿಂದೆ. ಇಲ್ಲಿ ಎಳೆದರೆ ಅಲ್ಲಿ ಓಡಿತು, ಅಲ್ಲಿ ಹಿಡಿದರೆ ಇಲ್ಲಿ ಜಾರಿತು. ಹನ್ನೊಂದು ಸಲ ಹೋಗಿಬಂದ ಮೇಲೆ ಕಲ್ಮೇಶ್ ಬೆವರು ಒರೆಸಿಕೊಂಡು ಸ್ಕ್ರೂಡ್ರೈವರು ಕೆಳಗಿಟ್ಟ.

"ಸಾರ್, ಹಾರ್ಡ್‌ವೇರ್ ಏನೂ ಪ್ರಾಬ್ಲಂ ಇಲ್ಲ. ಇವೆರಡಕ್ಕೂ ಆಗಿಬರ್ತಿಲ್ಲ. ಒಂದನ್ನ ತೆಗೆದುಬಿಡಿ."

"ಯಾವುದನ್ನ?"

"ಅದು ನಿಮ್ಮ ಮನೆ ವಿಚಾರ ಸಾರ್. ನಾನ್ ಹೇಗೆ ಹೇಳ್ಲಿ?"

ಅಷ್ಟರಲ್ಲಿ ವೆಂಕಟಗಿರಿಯ ಲಿಖಿತ ತಕರಾರು ಹನುಮಯ್ಯನವರ ಕೈ ಸೇರಿತ್ತು. ಬ್ಯಾಂಕಿನವರ ಬರವಣಿಗೆ; ಎರಡೂವರೆ ಪುಟ. ಅದರ ಒಂದು ವಾಕ್ಯ ಗಂಗಾಧರಯ್ಯನವರ ಎದೆಗೆ ನೇರವಾಗಿ ನಾಟಿತು: 'ಸದರಿ ಚುನಾವಣಾಧಿಕಾರಿಗಳು ಯಂತ್ರದಲ್ಲಿ ಎರಡನೇ ಸಿಸ್ಟಮನ್ನು ತಾವೇ ಸ್ವತಃ ಹಾಕಿರುವುದಾಗಿಯೂ, ಎರಡನ್ನೂ ಆಡಿಸುವುದು ತಮಗೆ ಗೊತ್ತಿರುವುದಾಗಿಯೂ ನನ್ನ ಬಳಿ ಒಪ್ಪಿಕೊಂಡಿರುತ್ತಾರೆ. ಆದ್ದರಿಂದ ಇದು ಅಚಾತುರ್ಯವಲ್ಲ, ಉದ್ದೇಶಪೂರ್ವಕ ಕೃತ್ಯವೆಂದು ಭಾವಿಸತಕ್ಕದ್ದು.'

ಮೂವತ್ತನಾಲ್ಕು ವರ್ಷ ಒಂದೇ ಒಂದು ಕಾಗದದ ಮೇಲೆ ತಪ್ಪು ತಾರೀಖು ಹಾಕದ ಮನುಷ್ಯ ಅದನ್ನು ನಾಲ್ಕು ಸಲ ಓದಿದರು. ತಪ್ಪು ಹುಡುಕಿದರು. ಮಹಾಪ್ರಾಣ ಇರಬೇಕಾದಲ್ಲಿ ಬಿದ್ದಿದ್ದ ಒಂದು ಅಲ್ಪಪ್ರಾಣದ ಹೊರತು ಏನೂ ಸಿಗಲಿಲ್ಲ.

ಹನುಮಯ್ಯನವರು ತಹಶೀಲ್ದಾರರಾಗಿದ್ದ ಕಾಲದ ಗತ್ತಿನಲ್ಲಿ, ಬರುವ ಭಾನುವಾರ ಸಂಘದ ಕೊಠಡಿಯಲ್ಲಿ ವಿಚಾರಣೆ ಎಂದು ಹೇಳಿ ಕಳಿಸಿದರು. ಕಂಪ್ಯೂಟರನ್ನು ಖುದ್ದು ಹಾಜರುಪಡಿಸಬೇಕು.

ಶನಿವಾರ ಮಧ್ಯಾಹ್ನ ಶಿವರಂಜನಿ ಬಂದಳು. ಯಾರೂ ಕರೆದಿರಲಿಲ್ಲ ಎಂದು ನೀಲಮ್ಮ ತಾವಾಗಿ ಎರಡು ಸಲ ಹೇಳಿದ್ದರಿಂದ, ಕರೆದವರು ಯಾರೆಂದು ಗಂಗಾಧರಯ್ಯನವರಿಗೆ ಗೊತ್ತಾಯಿತು.

ಅವಳು ಕಂಪ್ಯೂಟರಿನ ಮುಂದೆ ಕೂತು ಎರಡೂ ಕಡೆ ಹೋಗಿ ನೋಡಿ ನಕ್ಕಳು.

"ದೊಡ್ಡಪ್ಪ, ಎರಡೂ ಸುಳ್ಳು ಹೇಳ್ತಿಲ್ಲ. ಒಳಗಿರೋ ಗಡಿಯಾರ ಒಂದೇ. ವಿಂಡೋಸು ಅದನ್ನ ನಮ್ಮೂರಿನ ಟೈಮು ಅಂತ ಓದುತ್ತೆ. ಲಿನಕ್ಸು ಅದು ಗ್ರೀನ್‌ವಿಚ್ ಟೈಮು ಅಂದ್ಕೊಂಡು, ಐದೂವರೆ ಗಂಟೆ ಸೇರಿಸಿ ನಮಗೆ ತೋರಿಸುತ್ತೆ."

"ಗ್ರೀನ್‌ವಿಚ್ ಅಂದ್ರೆ?"

"ಲಂಡನ್‌ದು. ನೆಟ್ ಇದ್ದಿದ್ರೆ ಎರಡೂ ನೆಟ್ ನೋಡ್ಕೊಂಡು ತಾವೇ ಸರಿಹೋಗಿರೋವು. ನೆಟ್ಟೂ ಇಲ್ಲ, ನೀವೂ ಕೈಯಲ್ಲಿ ಬದಲಾಯಿಸ್ತಾ ಕೂತ್ರಿ. ಒಬ್ಬ ಇಟ್ಟಿದ್ದನ್ನ ಇನ್ನೊಬ್ಬ ತಪ್ಪಾಗಿ ಓದ್ದ, ಅಷ್ಟೇ."

ಅವಳು ಕಪ್ಪು ಚೌಕದಲ್ಲಿ ಒಂದು ಸಾಲು ಬರೆದು ಒತ್ತಿದಳು. ಲಿನಕ್ಸಿಗೆ, ಇನ್ನು ಮೇಲೆ ಆ ಗಡಿಯಾರ ಇಲ್ಲಿಯದೇ ಎಂದು ತಿಳಿದುಕೋ ಅಂತ ಹೇಳುವ ಸಾಲು. ಸಮಯ ಸರಿಮಾಡಿ, ಆ ಕಡೆ ಈ ಕಡೆ ಎರಡು ಸಲ ಹೋಗಿ ಬಂದಳು. ಎರಡೂ ಕಡೆ ಎರಡೂ ಕಾಲು. ಗೋಡೆಯ ಮೇಲೂ ಎರಡೂ ಕಾಲು.

"ಇಷ್ಟೇನಾ?"

"ಇಷ್ಟೇ. ಅರ್ಧ ನಿಮಿಷದ ಕೆಲಸ."

ಗಂಗಾಧರಯ್ಯನವರು ಕುರ್ಚಿಯಲ್ಲಿ ಕುಸಿದರು. ಒಂದು ವಾರದ ನಿದ್ದೆ, ಹದಿನೆಂಟು ವರ್ಷದ ಸ್ನೇಹ, ಮೂವತ್ತನಾಲ್ಕು ವರ್ಷದ ಮರ್ಯಾದೆ. ಅರ್ಧ ನಿಮಿಷ.

"ರಂಜು," ಎಂದರು ಕೊನೆಗೆ. "ನಾಳೆ ನೀನೂ ಬಾ. ಬಂದು ಇದನ್ನೇ ಹೇಳು. ಆದ್ರೆ ಆ ಅರ್ಧ ನಿಮಿಷ ಅನ್ನೋದೊಂದು ಅಲ್ಲಿ ಹೇಳ್ಬೇಡಮ್ಮ."

ಕರಿಬೇವು ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದ ಯಶೋದಮ್ಮನವರಿಗೆ ಇಷ್ಟೆಲ್ಲದರಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು ಒಂದೇ ಪದ. ಸಂಜೆಯ ಹೊತ್ತಿಗೆ, ಕುಸುಮಾ ಬಡಾವಣೆಯ ಚುನಾವಣೆ ಲಂಡನ್ನಿನಿಂದ ನಡೆಯುತ್ತಿದೆ ಎಂಬ ಸುದ್ದಿ ಕುರುಬರಹಳ್ಳಿ ದಾಟಿತ್ತು.

ಭಾನುವಾರ ಸಂಘದ ಕೊಠಡಿಯಲ್ಲಿ ಕೂರಲು ಜಾಗವಿರಲಿಲ್ಲ. ಸರ್ವಸದಸ್ಯರ ಸಭೆಗೆ ಹದಿನೈದು ಜನ ಬರುವುದೂ ಕಷ್ಟವಾಗಿದ್ದ ಬಡಾವಣೆಯಲ್ಲಿ ನೂರಾಹತ್ತು ಜನ ಬಂದಿದ್ದರು. ಮುಂದುಗಡೆ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ, ನೀಲಮ್ಮನವರ ಹಳೇ ಸೀರೆ ಹೊದ್ದು, ಕಂಪ್ಯೂಟರಿನ ಡಬ್ಬ ಆಸೀನವಾಗಿತ್ತು. ಮೂರು ಜನ ಹೆಂಗಸರು ಅದಕ್ಕೆ ಜಾಗ ಬಿಟ್ಟು ನಿಂತಿದ್ದರು.

"ಬ್ರಿಟಿಷರು ಬಿಟ್ಟು ಹೋಗಿ ಎಷ್ಟು ಕಾಲ ಆಯ್ತು?" ಎಂದು ಹಿಂದಿನಿಂದ ಯಾರೋ ಕೂಗಿದರು. "ನಮ್ಮ ಚರಂಡಿಗೆ ಲಂಡನ್ ಟೈಮ್ ಯಾಕ್ರೀ?"

"ಸೈಲೆನ್ಸ್" ಎಂದರು ಹನುಮಯ್ಯ. "ಗಂಗಾಧರಯ್ಯನೋರೇ, ನೇರವಾಗಿ ಕೇಳ್ತೀನಿ. ಈ ಎರಡನೇ ಸಿಸ್ಟಮ್ ಹಾಕಿದ್ದು ನೀವೇನಾ, ಅಲ್ವಾ?"

ಗಂಗಾಧರಯ್ಯನವರು ಎದ್ದು ನಿಂತರು. ನಿನ್ನೆ ರಾತ್ರಿ ಬರೆದುಕೊಂಡಿದ್ದ ಒಂದೂವರೆ ಪುಟದ ಹೇಳಿಕೆ ಕೈಯಲ್ಲಿತ್ತು. ಅದರಲ್ಲಿ 'ತಾಂತ್ರಿಕ ಕಾರಣಗಳಿಂದ' ಎಂಬ ಮಾತು ಆರು ಸಲ ಬಂದಿತ್ತು. ಅವರು ವೆಂಕಟಗಿರಿಯ ಕಡೆ ನೋಡಿದರು. ವೆಂಕಟಗಿರಿ ಫ್ಯಾನಿನ ಕಡೆ ನೋಡುತ್ತಿದ್ದರು. ಗಂಗಾಧರಯ್ಯ ಕಾಗದ ಮಡಚಿ ಜೇಬಿಗಿಟ್ಟರು.

"ನಾನಲ್ಲ. ನನ್ನ ಹೆಂಡತಿ ತಂಗಿ ಮಗಳು, ಇಲ್ಲಿ ಕೂತಿದಾಳಲ್ಲ, ಇವಳು ಹಾಕಿದ್ದು. ತಂಟೆಗೆ ಹೋಗ್ಬೇಡಿ ಅಂತಾನೂ ಹೇಳಿದ್ಲು. ನನಗೆ ಅದರ ತಲೆಬುಡ ಗೊತ್ತಿಲ್ಲ. ಪಾರ್ಕಲ್ಲಿ ನಾನೇ ಹಾಕಿದ್ದು ಅಂತ ಹೇಳಿದ್ದು… ದೊಡ್ಡಸ್ತಿಕೆಗೆ ಹೇಳಿದ್ದು. ವೆಂಕಟಗಿರಿಯವರು ನಾಲ್ಕೂ ಹತ್ತಕ್ಕೇ ಬಂದಿದ್ರು, ಕಾಫಿ ಕುಡಿದ್ರು. ಜಲಜಾ ಮೇಡಂ ಬಂದಿದ್ದು ಐದೂ ಇಪ್ಪತ್ತಕ್ಕೆ. ಗೋಡೆ ಗಡಿಯಾರ ಸರಿಯಾಗೇ ಇತ್ತು. ಏಳನೇ ನಿಯಮ ಬರೆದವನು ನಾನು, ಅದು ತಪ್ಪು."

ಕೆಲವರಿಗೆ ನಿರಾಸೆಯಾಯಿತು. ಲಂಡನ್ನಿನ ವಿಷಯ ಇಷ್ಟು ಬೇಗ ಮುಗಿಯಬಾರದಿತ್ತು.

"ಸರಿ, ಈಗ ರಿಪೇರಿ ಆಗಿದೆಯಾ?" ಹನುಮಯ್ಯ ಶಿವರಂಜನಿಯ ಕಡೆ ತಿರುಗಿದರು. "ಬಹಳ ಕಷ್ಟ ಆಯ್ತೇನಮ್ಮ? ಎಷ್ಟು ಹೊತ್ತು ಹಿಡೀತು?"

ಶಿವರಂಜನಿ ದೊಡ್ಡಪ್ಪನ ಮುಖ ನೋಡಿದಳು.

"ಐದೂವರೆ ಗಂಟೆ ಅಂಕಲ್" ಎಂದಳು.

ನೂರಾಹತ್ತು ಜನ ಒಟ್ಟಿಗೆ ಲೊಚಗುಟ್ಟಿದರು. ಅಷ್ಟು ಕಷ್ಟದ್ದಾದರೆ ಪಾಪ, ಗಂಗಾಧರಯ್ಯನವರು ತಾನೇ ಏನು ಮಾಡಿಯಾರು ಎಂಬ ಅಭಿಪ್ರಾಯ ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಹರಡಿತು.

ಜಲಜಾ ಮೇಡಂ ಎದ್ದರು. "ನಾನು ಲೇಟಾಗೇ ಬಂದಿದ್ದು, ನಿಜ. ನನ್ನದನ್ನ ತೆಗೆದುಹಾಕಿ. ಆದ್ರೆ ಚರಂಡಿ ಹಲಗೆ ಮಾತ್ರ ತೆಗ್ಯೋಕೆ ಬಿಡಬೇಡಿ, ಇನ್ನೂ ಮುಚ್ಚಿಲ್ಲ ಅವರು."

ಹನುಮಯ್ಯ ಪೆನ್ನು ಎತ್ತಿದರು. ಆಗ ವೆಂಕಟಗಿರಿ ಫ್ಯಾನಿನಿಂದ ಕಣ್ಣು ಕೀಳದೆ ಮಾತಾಡಿದರು.

"ಇಪ್ಪತ್ತು ನಿಮಿಷ ತಾನೇ. ಅವರದ್ದೂ ಇರ್ಲಿ ಬಿಡಿ. ಒಬ್ನೇ ನಿಂತು ಗೆದ್ರೆ ನಾಳೆ ಅದಕ್ಕೂ ಲಂಡನ್ ಅಂತಾರೆ."

ಮುಂದಿನ ಭಾನುವಾರ ಚೀಟಿಯಲ್ಲಿ ಬರೆದು ಮತ ಹಾಕಿದರು. ಸಮಯವನ್ನು ಗಂಗಾಧರಯ್ಯನವರು ನೀಲಿ ಶಾಯಿಯಲ್ಲಿ ಕೈಯಾರೆ ಬರೆದರು. ಜಲಜಾ ಮೇಡಂಗೆ ಐವತ್ತೆಂಟು ಬಂತು, ವೆಂಕಟಗಿರಿಗೆ ನಲವತ್ತೊಂದು. ಹನ್ನೊಂದು ಚೀಟಿಗಳು ತಿರಸ್ಕೃತವಾದವು. ಅವುಗಳಲ್ಲಿ ಒಂದರ ಮೇಲೆ ಗಂಗಾಧರಯ್ಯ ಎಂದು ಬರೆದಿತ್ತು. ಅದು ಯಾರ ಅಕ್ಷರವೆಂದು ಅವರಿಗೆ ಗೊತ್ತಿತ್ತು. ನೀಲಮ್ಮ ಕೊನೆಯವರೆಗೂ ಒಪ್ಪಲಿಲ್ಲ.

ಸೋತ ಸಂಜೆ ವೆಂಕಟಗಿರಿ ಗಂಗಾಧರಯ್ಯನವರ ಮನೆಗೆ ಬಂದರು. ಮಾತು ಚರಂಡಿಯಿಂದ ಶುರುವಾಗಿ ಅವಲಕ್ಕಿಗೆ ಬಂದು, ಎರಡನೇ ಸಲ ಬಡಿಸುವ ಹೊತ್ತಿಗೆ ಹಳೆಯ ಲಯಕ್ಕೆ ಬಂತು. ಶಿವರಂಜನಿ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ತನ್ನ ಪ್ರಾಜೆಕ್ಟು ಮಾಡುತ್ತಿದ್ದಳು. ವೆಂಕಟಗಿರಿ ಅವಳ ಹಿಂದೆ ಹೋಗಿ ನಿಂತು, ಪರದೆಯ ಮೇಲಿನ ದುಂಡು ಅಕ್ಷರಗಳನ್ನು ಬಹಳ ಹೊತ್ತು ನೋಡಿದರು.

"ಮಗಳೇ, ನನ್ನ ಲ್ಯಾಪ್‌ಟಾಪಿಗೂ ಆ ಎರಡನೇದನ್ನ ಹಾಕ್ಕೊಡ್ತೀಯಾ?"

ಶಿವರಂಜನಿ ಬಾಯಿ ತೆರೆಯುವ ಮೊದಲೇ ಗಂಗಾಧರಯ್ಯನವರು ಅವಲಕ್ಕಿಯ ತಟ್ಟೆ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡರು.

"ಹಾಕೋದೇನೋ ಹಾಕ್ಬಹುದು ಕಣ್ರೀ ವೆಂಕಟಗಿರಿ" ಎಂದರು ಗಂಭೀರವಾಗಿ. "ಆದ್ರೆ ಅದನ್ನ ಇಟ್ಕೊಂಡು ಬಾಳೋದು ಎಲ್ಲರ ಕೈಲೂ ಆಗಲ್ಲ."